ಒಲ್ಲದ ಕೈಗೆ ಕಮಾನು

(ಬಾನುಲಿ ಭಾಷಣ)

ಸಂಗೀತ ಶಿಕ್ಷಣದ ಮಾತು ಬಂದಾಗಲೆಲ್ಲ ನಾವು ಎರಡು ಬಗೆಯ ಶಿಷ್ಯರನ್ನು ನೆನೆಯುತ್ತೇವೆ. ಒಬ್ಬ, ಹುಟ್ಟುವಾಗಲೇ ನಾದವನ್ನು ಹೊತ್ತು ಬಂದವನು. ಗುರು ಒಂದನ್ನು ಹೇಳಿದರೆ ನಾಲ್ಕನ್ನು ತಾನಾಗಿಯೇ ಕಂಡುಕೊಳ್ಳುವವನು. ಇನ್ನೊಬ್ಬ, ಅಂಥ ಪ್ರತಿಭೆ ಇಲ್ಲದಿದ್ದರೂ ಗುರುವಿನ ಮನೆಯ ನೀರು ಸೇದಿ, ಬೈಗುಳ ತಿಂದು, ಹಗಲಿರುಳು ದುಡಿದು ವಿದ್ಯೆಯನ್ನು ಗಳಿಸಿಕೊಂಡವನು. ನಮ್ಮ ವಿದ್ವಾಂಸರ ಜೀವನಚರಿತ್ರೆಗಳೆಲ್ಲ ಬಹುಮಟ್ಟಿಗೆ ಈ ಇಬ್ಬರಲ್ಲಿ ಒಬ್ಬನ ಕಥೆಗಳೇ. ಆದರೆ ಮನೆಯಲ್ಲಿ ಪಾಠ ಹೇಳುವವರ ಜಮಖಾನೆಯ ಮೇಲೆ ಸಂಜೆ ಬಂದು ಕೂರುವವನು ಸಾಮಾನ್ಯವಾಗಿ ಮೂರನೆಯವನು. ಅವನಿಗೆ ಕಿವಿ ಇದೆ, ಬುದ್ಧಿ ಇದೆ; ಮನಸ್ಸು ಮಾತ್ರ ಇಲ್ಲ. ತಾಯಿ ಕಳುಹಿಸಿದ್ದಾಳೆ, ಬಂದಿದ್ದಾನೆ. ಗಡಿಯಾರದ ದೊಡ್ಡ ಮುಳ್ಳು ಒಂದು ಸುತ್ತು ಮುಗಿಸಿದರೆ ಎದ್ದು ಹೋಗುತ್ತಾನೆ. ಅವನನ್ನು ಕುರಿತು ಯಾರೂ ಬರೆದಿಲ್ಲ. ಈ ಹೊತ್ತು ಅವನನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕ. ಮೂವತ್ತು ವರ್ಷಕ್ಕೂ ಮಿಕ್ಕು ಕಾಲೇಜುಗಳಲ್ಲಿ ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳಿ ನಿವೃತ್ತನಾದವನು. ಪಿಟೀಲು ನನಗೆ ಹುಡುಗುತನದಿಂದ ಜೊತೆಗೆ ಬಂದ ಗೆಳೆಯ. ಕಚೇರಿ ಮಾಡುವ ವಿದ್ವಾಂಸ ನಾನಲ್ಲ. ಆದರೆ ಆರಂಭದ ಪಾಠಗಳನ್ನು ಅಚ್ಚುಕಟ್ಟಾಗಿ ಹೇಳಬಲ್ಲೆ. ನಿವೃತ್ತಿಯ ನಂತರ ಮೈಸೂರಿನ ನಮ್ಮ ಬಡಾವಣೆಯ ಕೆಲವು ಮಕ್ಕಳು ಸಂಜೆಯ ಹೊತ್ತು ಬರತೊಡಗಿದರು. ಅವರಲ್ಲಿ ಕಾಲುಪಾಲು ಮಕ್ಕಳು ನಾನು ಈಗ ಹೇಳುತ್ತಿರುವ ಮೂರನೆಯ ಬಗೆಗೆ ಸೇರಿದವರು. ಕನ್ನಡದ ತರಗತಿಯಲ್ಲಿ ಕಂಡ ಮುಖಗಳೇ ಮತ್ತೆ ಬಂದು ಕುಳಿತಂತೆ ನನಗೆ ತೋರಿತು.

ಕನ್ನಡ ಮೇಷ್ಟರ ಚಪಲವನ್ನು ಕೇಳುಗರು ಮನ್ನಿಸುವುದಾದರೆ, ಮೊದಲು ಒಂದು ಶಬ್ದವನ್ನು ವಿಚಾರಿಸೋಣ. ಉತ್ತರ ಕರ್ನಾಟಕದಲ್ಲಿ ಇಂದಿಗೂ ದಿನಬಳಕೆಯಲ್ಲಿರುವ ‘ಒಲ್ಲೆ’ ಎಂಬ ಮಾತು ‘ಒಲ್’ ಎಂಬ ಧಾತುವಿನಿಂದ ಬಂದದ್ದು. ‘ಒಲವು’ ಎಂಬ ಮಾತಿನ ಮೂಲವೂ ಅದೇ. ಎಂದರೆ ಒಲವಿನ ಅಭಾವವೇ ಒಲ್ಲೆ. ಹಳಗನ್ನಡದ ಪ್ರತಿಷೇಧ ರೂಪಕ್ಕೆ ಇನ್ನೂ ಒಂದು ಸ್ವಾರಸ್ಯವಿದೆ: ಅದಕ್ಕೆ ಕಾಲಭೇದವಿಲ್ಲ. ‘ಮಾಡೆಂ’ ಎಂದರೆ ಮಾಡಲಿಲ್ಲ ಎಂದೂ ಆಗಬಹುದು, ಮಾಡುವುದಿಲ್ಲ ಎಂದೂ ಆಗಬಹುದು. ಭೂತ, ವರ್ತಮಾನ, ಭವಿಷ್ಯತ್ತುಗಳು ಅದರಲ್ಲಿ ಒಂದಾಗಿ ಸೇರಿಹೋಗಿರುತ್ತವೆ. ಹತ್ತು ವರ್ಷದ ಹುಡುಗ ಪಿಟೀಲನ್ನು ಒಲ್ಲೆ ಎಂದಾಗ ಹಿರಿಯರು ಅದನ್ನು ಈ ಹಳಗನ್ನಡದ ಅರ್ಥದಲ್ಲಿಯೇ ತೆಗೆದುಕೊಳ್ಳುತ್ತಾರೆ: ಇವನಿಗೆ ಹಿಂದೆಯೂ ಆಸಕ್ತಿ ಇರಲಿಲ್ಲ, ಮುಂದೆಯೂ ಬಾರದು. ಆದರೆ ಮಗು ಆಡುವುದು ಹೊಸಗನ್ನಡ. ಅವನು ಹೇಳುತ್ತಿರುವುದು ಈ ಹೊತ್ತಿನ ಮಾತು. ಯಾವುದನ್ನು ಒಲ್ಲೆ ಎನ್ನುತ್ತಿದ್ದಾನೆ, ಏಕೆ ಎನ್ನುತ್ತಿದ್ದಾನೆ ಎಂಬುದನ್ನು ವಿಚಾರಿಸುವುದೇ ಶಿಕ್ಷಕನ ಮೊದಲ ಕೆಲಸ. ಹಾಗೆ ವಿಚಾರಿಸಿದಾಗ ಕಾರಣಗಳು ಒಂದೊಂದಾಗಿ ಹೊರಬೀಳುತ್ತವೆ. ಅವುಗಳಲ್ಲಿ ಹಲವು ಮನಸ್ಸಿಗೆ ಸಂಬಂಧಿಸಿದವೇ ಅಲ್ಲ.

ಮೊದಲನೆಯ ಕಾರಣ ವಾದ್ಯವೇ. ಹಾರ್ಮೋನಿಯಂನ ಮನೆಯನ್ನು ಒತ್ತಿದರೆ ಮಗುವಿನ ಬೆರಳಿಗೂ ವಿದ್ವಾಂಸನ ಬೆರಳಿಗೂ ಒಂದೇ ಸ್ವರ ಹೊರಡುತ್ತದೆ. ವೀಣೆಗೆ 24 ಮೆಟ್ಟಿಲುಗಳಿವೆ. ಬೆರಳು ಎಲ್ಲಿ ಕೂರಬೇಕೆಂಬುದನ್ನು ಕಣ್ಣಾದರೂ ಹೇಳುತ್ತದೆ. ಪಿಟೀಲಿನಲ್ಲಿ ಮನೆಯೂ ಇಲ್ಲ, ಮೆಟ್ಟಿಲೂ ಇಲ್ಲ. ನುಣುಪಾದ ಕಪ್ಪು ಪಟ್ಟಿಯ ಮೇಲೆ ನಾಲ್ಕು ತಂತಿಗಳು ಮಾತ್ರ. ಸ್ವರದ ಸ್ಥಾನವನ್ನು ಕಿವಿ ಹುಡುಕಿ ಬೆರಳಿಗೆ ತಿಳಿಸಬೇಕು. ಇದು ಎಡಗೈಯ ಪಾಡಾದರೆ ಬಲಗೈಯದು ಬೇರೆಯೇ ಪಾಡು. ಕುದುರೆಯ ಬಾಲದ ಕೂದಲನ್ನು ಬಿಗಿದು ರಾಳ ತೀಡಿದ ಕಮಾನು ತಂತಿಯ ಮೇಲೆ ನೇರವಾಗಿ ಹರಿಯಬೇಕು. ಒತ್ತಿದರೆ ಕಿರುಚುತ್ತದೆ, ಸಡಿಲಿಸಿದರೆ ತೇಲಿಹೋಗುತ್ತದೆ. ನಮ್ಮ ಪದ್ಧತಿಯಲ್ಲಿ ಚಕ್ಕಂಬಕ್ಕಳ ಹಾಕಿ, ಬಲಗಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ, ವಾದ್ಯದ ಸುರುಳಿತಲೆಯನ್ನು ಕಾಲಿನ ಹರಡಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಎದೆಗೂ ಭುಜಕ್ಕೂ ಆನಿಸಿಕೊಂಡು ಕೂರಬೇಕು. ಈ ಆಸನವನ್ನು ಹದಕ್ಕೆ ತಂದುಕೊಳ್ಳುವುದೇ ಮಗುವಿಗೆ ಒಂದು ತಿಂಗಳ ಕೆಲಸ. ಇಷ್ಟೆಲ್ಲ ಮಾಡಿದ ಮೇಲೂ ಮೊದಲ ವರ್ಷ ಹೊರಡುವ ದನಿ, ಬಾಗಿಲು ಕಿರುಗುಟ್ಟಿದಂತಿರುತ್ತದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಸದ್ದು ಮಗುವಿಗೆ ಕೇಳಿಸದಿರುತ್ತದೆಯೆ? ಒಲ್ಲೆ ಎಂಬ ಮಾತಿನ ಹಿಂದೆ ಎಷ್ಟೋ ವೇಳೆ ಇರುವುದು ನಾಚಿಕೆ.

ಈ ವಾದ್ಯ ನಮ್ಮದಾಗಿ ಬಹಳ ಕಾಲವೇನೂ ಆಗಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನ ಕಡೆ ಐರೋಪ್ಯ ಪಿಟೀಲುಗಾರನೊಬ್ಬನಿಂದ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರೆಂಬುದು ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು. ನಿಂತು ನುಡಿಸುತ್ತಿದ್ದ ವಾದ್ಯವನ್ನು ಕೂತು ನುಡಿಸುವಂತೆ ಮಾಡಿದರು. ತಂತಿಗಳನ್ನು ಷಡ್ಜ ಪಂಚಮ, ಷಡ್ಜ ಪಂಚಮ ಎಂದು ಕೂಡಿಸಿಕೊಂಡರು. ಎಂದರೆ ನಮ್ಮ ಹಿರಿಯರು ಈ ವಾದ್ಯವನ್ನು ಕೈಗೆತ್ತಿಕೊಂಡದ್ದು ಕುತೂಹಲದಿಂದ. ಹೇಗೆ ಕೂರಲಿ, ಹೇಗೆ ಕೂಡಿಸಲಿ ಎಂದು ಒಂದೊಂದನ್ನೂ ತಾವೇ ನಿಶ್ಚಯಿಸಿಕೊಂಡವರು ಅವರು. ನಮ್ಮ ಮಗುವಿಗಾದರೋ ಎಲ್ಲವೂ ನಿಶ್ಚಯವಾಗಿ ಮುಗಿದಿರುತ್ತದೆ. ಅವನು ಕಂಡುಹಿಡಿಯಲು ನಾವು ಏನನ್ನೂ ಉಳಿಸಿಲ್ಲ.

ಎರಡನೆಯ ಕಾರಣ ಇನ್ನೂ ಸ್ಥೂಲವಾದದ್ದು: ಅಳತೆ. ದೊಡ್ಡವರ ಪಿಟೀಲಿನಲ್ಲಿ ಮಿಡಿಯುವ ತಂತಿಯ ಉದ್ದ ಸುಮಾರು 32.5 ಸೆಂಟಿಮೀಟರು. ನಾವು ಮೊದಲು ಕಲಿಸುವ ಮಾಯಾಮಾಳವಗೌಳದಲ್ಲಿ ರಿಷಭಕ್ಕೆ ತಂತಿಯ ಹದಿನಾರನೆಯ ಒಂದು ಪಾಲನ್ನೂ, ಗಾಂಧಾರಕ್ಕೆ ಐದನೆಯ ಒಂದು ಪಾಲನ್ನೂ, ಮಧ್ಯಮಕ್ಕೆ ಕಾಲುಪಾಲನ್ನೂ ಬೆರಳಿನಿಂದ ತಡೆಯಬೇಕು. ಲೆಕ್ಕ ಹಾಕಿದರೆ ತಂತಿಯ ಮೇಲ್ತುದಿಯಿಂದ ರಿಷಭ 2 ಸೆಂಟಿಮೀಟರು, ಗಾಂಧಾರ 6.5, ಮಧ್ಯಮ 8ರ ಆಸುಪಾಸು. ರಿಷಭದಿಂದ ಗಾಂಧಾರಕ್ಕೆ ನಾಲ್ಕೂವರೆ ಸೆಂಟಿಮೀಟರಿನ ಹಾರಿಕೆ. ಗಾಂಧಾರದಿಂದ ಮಧ್ಯಮಕ್ಕೆ ಬೆರಳುಗಳು ಒಂದನ್ನೊಂದು ತಾಗುವಷ್ಟು ಇಕ್ಕಟ್ಟು. ಒಂಬತ್ತು ಹತ್ತು ವರ್ಷದ ಮಗುವಿನ ಅಂಗೈಯನ್ನು ನೋಡಿ ಈ ಲೆಕ್ಕವನ್ನು ಹೋಲಿಸಿ. ಗಾಂಧಾರ ಎಟುಕದೆ ಕೆಳಗೇ ಉಳಿಯುತ್ತದೆ, ಮೇಷ್ಟರು ಅಪಸ್ವರವೆಂದು ಗದರಿಸುತ್ತಾರೆ, ಮಗು ತನಗೆ ಸಂಗೀತ ಬಾರದೆಂದು ತೀರ್ಮಾನಿಸುತ್ತದೆ. ಕಾಲು, ಅರ್ಧ, ಮುಕ್ಕಾಲು ಎಂಬ ಅಳತೆಗಳ ಚಿಕ್ಕ ಪಿಟೀಲುಗಳು ಪೇಟೆಯಲ್ಲಿ ದೊರೆಯುತ್ತವೆ. ಹೆಸರು ಅರ್ಧವಾದರೂ ಉದ್ದದಲ್ಲಿ ಅದೇನೂ ಅರ್ಧವಲ್ಲ. ಆದರೆ ಆ ನಾಲ್ಕೂವರೆ ಸೆಂಟಿಮೀಟರು ಅದರಲ್ಲಿ ನಾಲ್ಕಕ್ಕೆ ಇಳಿಯುತ್ತದೆ. ಮಗುವಿನ ಕೈಗೆ ಆ ಅರ್ಧ ಸೆಂಟಿಮೀಟರು ದೊಡ್ಡ ವರ. “ಹೇಗೂ ಬೆಳೆಯುತ್ತಾನೆ, ದೊಡ್ಡದನ್ನೇ ಕೊಂಡುಬಿಡೋಣ” ಎಂಬ ಮಾತು ಶಾಲೆಯ ಅಂಗಿಗೆ ಒಪ್ಪುತ್ತದೆ, ವಾದ್ಯಕ್ಕೆ ಒಪ್ಪುವುದಿಲ್ಲ.

ಮೂರನೆಯ ಕಾರಣ ಶ್ರುತಿ. ವಾರಕ್ಕೆ ಎರಡು ದಿನ ಗುರುವಿನ ಮನೆಯಲ್ಲಿ ಗುರು ಕೂಡಿಸಿಕೊಟ್ಟ ವಾದ್ಯದಲ್ಲಿ ಮಗು ನುಡಿಸುತ್ತದೆ. ಮನೆಗೆ ಹೋಗುವಷ್ಟರಲ್ಲಿ ಬಿರಡೆ ಜಾರಿರುತ್ತದೆ. ಮಳೆಗಾಲವಾದರೆ ಮರ ಉಬ್ಬಿ ಬಿರಡೆ ತಿರುಗುವುದೇ ಇಲ್ಲ, ಬೇಸಗೆಯಲ್ಲಿ ನಿಲ್ಲುವುದೇ ಇಲ್ಲ. ಉಳಿದ ಐದು ದಿನ ಅದು ಶ್ರುತಿ ತಪ್ಪಿದ ವಾದ್ಯದಲ್ಲಿ ಸಾಧಕ ಮಾಡಬೇಕು. ಬೆರಳು ಸರಿಯಾದ ಸ್ಥಳದಲ್ಲಿ ಕೂತರೂ ಸ್ವರ ತಪ್ಪು. ಮಾಡಿದ ಶ್ರಮಕ್ಕೆ ಫಲ ಕಾಣದ ಕೆಲಸವನ್ನು ದೊಡ್ಡವರಾದರೂ ಎಷ್ಟು ದಿನ ಮಾಡಿಯಾರು?

ನಾಲ್ಕನೆಯದು ಪಾಠಕ್ರಮ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆಗಳ ಮೆಟ್ಟಿಲುಸಾಲು ನಮ್ಮಲ್ಲಿ ನೂರಾರು ವರ್ಷಗಳಿಂದ ನಿಂತಿದೆ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಒಂದನ್ನು ಗಮನಿಸಬೇಕು. ಗುರುವಿನ ಮನೆಯಲ್ಲಿಯೇ ಬೆಳೆದ ಹಿಂದಿನ ಶಿಷ್ಯ ತಾನು ಬೆಳಗ್ಗೆ ಸರಳೆಯನ್ನು ನುಡಿಸಿದರೂ ಸಂಜೆಗೆ ಗುರುವಿನ ತೋಡಿಯನ್ನೋ ಕಾಂಬೋಧಿಯನ್ನೋ ಕೇಳುತ್ತಿದ್ದ. ಈ ಮೆಟ್ಟಿಲುಗಳು ಯಾವ ಗೋಪುರಕ್ಕೆ ಏರುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಇಂದಿನ ಮಗು ಮುಕ್ಕಾಲು ಗಂಟೆ ಬಂದು ಮೆಟ್ಟಿಲನ್ನಷ್ಟೇ ನೋಡಿ ಹೋಗುತ್ತದೆ. ಗೋಪುರವನ್ನು ಅದು ಕಂಡಿಲ್ಲ.

ಕೊನೆಯ ಕಾರಣ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮಗುವಿನ ಆಸೆ ಮಗುವಿನದಾಗಿರುವುದಿಲ್ಲ. ತಾಯಿ ಚಿಕ್ಕಂದಿನಲ್ಲಿ ಕಲಿಯಲಾಗಲಿಲ್ಲ; ತಂದೆಯ ಸಹೋದ್ಯೋಗಿಯ ಮಗಳು ಜೂನಿಯರ್ ಪರೀಕ್ಷೆಯಲ್ಲಿ ಉತ್ತೀರ್ಣಳಾದಳು; ಅಜ್ಜಿಗೆ ಮೊಮ್ಮಗನ ಕೈಯಲ್ಲಿ ಒಂದು ದೇವರನಾಮ ಕೇಳುವ ಹಂಬಲ. ಇವೆಲ್ಲ ಒಳ್ಳೆಯ ಆಸೆಗಳೇ. ಆದರೆ ಸಾಲವಾಗಿ ತಂದ ಆಸೆಗೆ ಬಡ್ಡಿ ಕಟ್ಟುವವನು ಹುಡುಗ. ಮಾಸ್ತಿಯವರ ‘ಸುಬ್ಬಣ್ಣ’ ನೀಳ್ಗತೆಯನ್ನು ಓದಿದವರಿಗೆ ಇದರ ಇನ್ನೊಂದು ಮುಖ ನೆನಪಿರುತ್ತದೆ. ಅಲ್ಲಿ ತಂದೆಗೆ ಬೇಕಾದದ್ದು ಶಾಸ್ತ್ರ ಪುರಾಣಗಳ ವಿದ್ಯೆ, ಮಗನ ಪ್ರಾಣವಿದ್ದದ್ದು ಸಂಗೀತದಲ್ಲಿ. ಇಂದು ಎಷ್ಟೋ ಮನೆಗಳಲ್ಲಿ ಸಂಗೀತವೇ ತಂದೆತಾಯಿಗಳ ಪಕ್ಷದಲ್ಲಿದೆ. ಮಗನ ಪ್ರಾಣ ಮತ್ತೆಲ್ಲೋ ಇದೆ. ಕಥೆ ತಿರುಗುಮುರುಗಾದರೂ ನೋವು ಅದೇ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಪಾಠ ಹೇಳುವವನು ನೊಗ ಹಿಡಿದು ನಿಂತಿರುತ್ತಾನೆ.

ಇಷ್ಟನ್ನು ಸಾಮಾನ್ಯವಾಗಿ ಹೇಳಿದೆ. ಒಬ್ಬ ಹುಡುಗನ ವಿಚಾರವನ್ನು ವಿವರವಾಗಿ ಹೇಳಿದರೆ ಮಾತು ಸ್ಪಷ್ಟವಾದೀತು. ಅವನಿಗೆ ಆಗ ಹತ್ತು ವರ್ಷ. ತಾಯಿಯ ತಂದೆ ಊರೂರು ತಿರುಗಿ ಹರಿಕಥೆಗಳಿಗೆ ಪಿಟೀಲು ಪಕ್ಕವಾದ್ಯ ನುಡಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ವಾದ್ಯ ಅಟ್ಟ ಸೇರಿತ್ತು. ಆ ತಾಯಿ ಹೊಸ ತಂತಿ ಹಾಕಿಸಿ, ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮಗನ ಕೈಲಿ ಹೊರಿಸಿಕೊಂಡು ಬಂದರು. “ನಮ್ಮಪ್ಪನ ಪಿಟೀಲು, ಸಾರ್. ಮೂರು ಜನ ಅಕ್ಕತಂಗಿಯರಲ್ಲಿ ಯಾರಿಗೂ ಬರಲಿಲ್ಲ. ಇವನೊಬ್ಬ ಕಲಿತರೆ ಮನೆಯಲ್ಲಿ ಉಳಿಯುತ್ತೆ, ಇಲ್ಲದಿದ್ದರೆ ಯಾರಿಗಾದರೂ ಕೊಟ್ಟುಬಿಡಬೇಕು” ಎಂದರು. ಹುಡುಗ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕುಳಿತಿದ್ದ.

ಅವನ ಕೈಯನ್ನು ಹಿಡಿದು ನೋಡಿದೆ. ತಾತನ ಪಿಟೀಲಿಗೆ ಅದು ಎಟುಕುವಂತಿರಲಿಲ್ಲ. “ನೋಡಮ್ಮಾ, ಇದು ಇವನಿಗೆ ಇನ್ನೂ ಮೂರು ವರ್ಷಕ್ಕೆ ದೊಡ್ಡದು. ಇದನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡೋಣ. ನನ್ನಲ್ಲಿ ಅರ್ಧ ಅಳತೆಯದೊಂದಿದೆ, ಅದರಲ್ಲಿ ಶುರು ಮಾಡಲಿ” ಎಂದೆ. ಆಕೆಯ ಮುಖ ಬಾಡಿತು. ಪಾಠಕ್ಕೆ ಬಂದದ್ದೇ ಆ ವಾದ್ಯಕ್ಕಾಗಿ. ಅದನ್ನೇ ಮನೆಗೆ ತೆಗೆದುಕೊಂಡು ಹೋಗಿ ಎಂದರೆ ಹೇಗಾಗಬೇಡ? ಆದರೂ ಒಪ್ಪಿದರು. ಹುಡುಗ ಮಾತ್ರ ಆಗ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದ. ತಾತನ ನೆನಪನ್ನು ಹೊರುವ ಕೆಲಸದಿಂದ ಅವನಿಗೆ ಸ್ವಲ್ಪ ಬಿಡುವು ಸಿಕ್ಕಿತ್ತು.

ಮೊದಲ ಎರಡು ತಿಂಗಳು ನಾನು ಅವನಿಗೆ ಸ್ವರಗಳನ್ನೇ ಹೇಳಲಿಲ್ಲ. ಶ್ರುತಿ ಕೂಡಿಸುವುದನ್ನು ಕಲಿಸಿದೆ. ಬಿರಡೆ ಮಕ್ಕಳ ಕೈಗೆ ಒಗ್ಗುವುದಿಲ್ಲ. ತಂತಿಗಳ ಬುಡದಲ್ಲಿ ಪುಟ್ಟ ತಿರುಪುಗಳನ್ನು ಹಾಕಿಸಿಕೊಂಡರೆ ಕೆಲಸ ಸುಲಭ. ಷಡ್ಜ ಪಂಚಮ ತಂತಿಗಳೆರಡನ್ನೂ ಒಟ್ಟಿಗೆ ಕಮಾನಿನಿಂದ ಎಳೆದಾಗ, ಶ್ರುತಿ ಕೊಂಚ ತಪ್ಪಿದ್ದರೆ, ನಾದದಲ್ಲಿ ಒಂದು ಅಲೆ ಏಳುತ್ತದೆ. ವಾಂವ್, ವಾಂವ್ ಎಂದು ಮಿಡಿಯುತ್ತದೆ. ತಿರುಪನ್ನು ಸರಿಯಾದ ಕಡೆಗೆ ತಿರುಗಿಸುತ್ತ ಬಂದರೆ ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ನಿಂತ ಆ ಕ್ಷಣದಲ್ಲಿ ಎರಡು ತಂತಿಗಳು ಒಂದೇ ನಾದವಾಗಿ ಕೇಳುತ್ತವೆ. ಇದಕ್ಕೆ ವಿದ್ಯೆ ಬೇಡ, ಪ್ರತಿಭೆ ಬೇಡ, ಕಿವಿಗೊಟ್ಟರೆ ಸಾಕು. ಹುಡುಗನಿಗೆ ಇದೊಂದು ಆಟವಾಯಿತು. ನಾನು ಬೇಕೆಂದೇ ತಂತಿಯನ್ನು ಕೆಡಿಸಿ ಕೊಡುತ್ತಿದ್ದೆ, ಅವನು ಅಲೆಯನ್ನು ‘ಕೊಲ್ಲು’ತ್ತಿದ್ದ. ಅದು ಅವನದೇ ಮಾತು.

ಮನೆಯಲ್ಲಿ ಒಂದು ಗಂಟೆಯ ಸಾಧಕವೆಂಬ ನಿಯಮವನ್ನು ತೆಗೆದುಹಾಕಿ ಹದಿನೈದು ನಿಮಿಷವೆಂದು ಗೊತ್ತುಮಾಡಿದೆ. ಆದರೆ ಒಂದು ಷರತ್ತು: ದಿನವೂ ಆಗಬೇಕು, ಅದೇ ಹೊತ್ತಿಗೆ ಆಗಬೇಕು, ಹದಿನೈದು ಮುಗಿದೊಡನೆ ಪೆಟ್ಟಿಗೆ ಮುಚ್ಚಬೇಕು. ಭಾನುವಾರ ಒಂದೇ ದಿನ ಎರಡು ಗಂಟೆ ತಿಕ್ಕುವುದಕ್ಕಿಂತ ದಿನಕ್ಕೆ ಕಾಲುಗಂಟೆ ಮೇಲು. ಬೆರಳಿನ ನೆನಪು ನಿದ್ರೆ ನಿದ್ರೆಗಳ ನಡುವೆ ಗಟ್ಟಿಯಾಗುವಂಥದು. ಜೊತೆಗೆ, ಮುಗಿಯುವ ಹೊತ್ತು ಖಚಿತವಾಗಿ ತಿಳಿದಿದ್ದರೆ ಮಗು ಗಡಿಯಾರ ನೋಡುವುದನ್ನು ಬಿಡುತ್ತದೆ.

ಮೂರನೆಯ ತಿಂಗಳು ಸರಳೆ ವರಸೆ ಆರಂಭವಾಯಿತು. ಮಾಯಾಮಾಳವಗೌಳ, 72 ಮೇಳಗಳಲ್ಲಿ 15ನೆಯದು. ಆರಂಭಕ್ಕೆ ಇದನ್ನೇ ಏಕೆ ಆರಿಸಿದರು ಎಂಬುದಕ್ಕೆ ಹಲವು ಸಮಾಧಾನಗಳುಂಟು. ಪಿಟೀಲಿನವನಿಗೆ ಅದರಲ್ಲಿ ಒಂದು ವಿಶೇಷ ಲಾಭವಿದೆ. ಈ ರಾಗದಲ್ಲಿ ಸ-ರಿ-ಗ-ಮ ಗಳ ನಡುವಣ ಅಂತರಗಳೂ ಪ-ದ-ನಿ-ಸ ಗಳ ನಡುವಣ ಅಂತರಗಳೂ ಒಂದೇ. ನಮ್ಮ ಪಿಟೀಲಿನಲ್ಲಿ ಒಂದು ತಂತಿ ಷಡ್ಜ, ಪಕ್ಕದ ತಂತಿ ಪಂಚಮ. ಆದ್ದರಿಂದ ಷಡ್ಜದ ತಂತಿಯ ಮೇಲೆ ರಿ-ಗ-ಮ ಗಳಿಗೆ ಬೆರಳುಗಳು ಎಲ್ಲೆಲ್ಲಿ ಕೂರುತ್ತವೆಯೋ, ಪಂಚಮದ ತಂತಿಯ ಮೇಲೆ ದ-ನಿ-ಸ ಗಳಿಗೆ ನೇರ ಪಕ್ಕದಲ್ಲಿ, ಅದೇ ಅಳತೆಯಲ್ಲಿ ಕೂರುತ್ತವೆ. ಇದನ್ನು ನಾನು ಅವನಿಗೆ ಹೇಳಲಿಲ್ಲ. ಪೂರ್ವಾರ್ಧವನ್ನು ಮಾತ್ರ ತೋರಿಸಿ, “ಉಳಿದ ಅರ್ಧ ಎಲ್ಲಿದೆಯೋ ಹುಡುಕಿಕೊಂಡು ಬಾ” ಎಂದು ಕಳುಹಿಸಿದೆ. ಎರಡು ದಿನ ಬಿಟ್ಟು ಬಂದವನು ಬಾಗಿಲಲ್ಲೇ ನಿಂತು ಕೇಳಿದ: “ಸಾರ್, ಮೇಲಿನದೂ ಕೆಳಗಿನದೂ ಒಂದೇ ಕೈ! ಹಾಗಾದರೆ ಅರ್ಧ ಕಲಿತರೆ ಸಾಕಲ್ಲ?”

ಸೋಮಾರಿಯ ಸಂತೋಷವೆಂದು ಯಾರಾದರೂ ನಗಬಹುದು. ಆದರೆ ಯೋಚಿಸಿ: ಸ್ವರಸ್ಥಾನಗಳ ಸಾದೃಶ್ಯವನ್ನು, ಒಂದು ರಾಗದ ಒಳಗಿನ ವಾಸ್ತುವನ್ನು ಹತ್ತು ವರ್ಷದ ಹುಡುಗ ತಾನಾಗಿಯೇ ಕಂಡಿದ್ದ. ಕೆಲಸ ತಪ್ಪಿಸಿಕೊಳ್ಳುವ ದಾರಿ ಹುಡುಕಹೊರಟು ಸಂಗೀತದ ಮನೆಯೊಳಗೆ ಬಂದಿದ್ದ. ಅಂದಿನಿಂದ ಅವನಿಗೆ ಹುಡುಕುವ ಲೆಕ್ಕಗಳನ್ನೇ ಕೊಡುತ್ತ ಬಂದೆ. ಪಿಳ್ಳಾರಿ ಗೀತೆಗಳ ರಾಗವಾದ ಮಲಹರಿಯ ಆರೋಹಣದಲ್ಲಿ ಯಾವ ಎರಡು ಸ್ವರಗಳು ಮಾಯವಾಗಿವೆ? ಗಾಂಧಾರ ನಿಷಾದಗಳು ಎಂದು ಅವನೇ ಹೇಳಿದ. ಇಳಿಯುವಾಗ ಗಾಂಧಾರವೊಂದು ಹೇಗೆ ಮರಳಿ ಬಂದಿತೆಂದು ಅವನೇ ಆಶ್ಚರ್ಯಪಟ್ಟ. ತಿರುಮಕೂಡಲಿನ ಚೌಡಯ್ಯನವರ ಮಾತನ್ನು ಒಂದು ದಿನ ಹೇಳಿದೆ. ಧ್ವನಿವರ್ಧಕ ಬಳಕೆಗೆ ಬಾರದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಕೊನೆಯವರೆಗೂ ಮುಟ್ಟಬೇಕೆಂದು ಅವರು ತಂತಿಗಳನ್ನು ಜೋಡಿ ಮಾಡಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರೆಂದೆ. ಹುಡುಗ ತಕ್ಷಣ, “ನಾಲ್ಕನ್ನು ಜೋಡಿ ಮಾಡಿದರೆ ಎಂಟಾಗಬೇಕಲ್ಲ, ಸಾರ್?” ಎಂದ. ಒಂದು ತಂತಿ ಒಂಟಿಯಾಗಿಯೇ ಉಳಿಯಿತು ಎಂದು ಹೇಳಿದಾಗ, ಅದು ಏಕೆ ಉಳಿಯಿತೆಂದು ತಿಳಿಯುವವರೆಗೆ ಬಿಡಲೊಲ್ಲ. ಬೆಂಗಳೂರಿಗೆ ಹೋದಾಗ, 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿ ಮುಗಿಸಿದ ಚೌಡಯ್ಯ ಸ್ಮಾರಕ ಭವನದ ಮುಂದೆ ನಿಂತು, ಕುದುರೆ ಎಲ್ಲಿ, ಬಿರಡೆ ಎಲ್ಲಿ ಎಂದು ತಾಯಿಗೆ ತೋರಿಸಿದನಂತೆ. ಪಾಠಕ್ಕೆ ಬರುವಾಗ ಬಾಡಿರುತ್ತಿದ್ದ ಮುಖ ಅದೇ ಎಂದು ಆಕೆ ನಂಬಲಿಲ್ಲ.

ಇದು ಜಯಭೇರಿಯ ಕಥೆಯಲ್ಲ ಎಂದು ಇಲ್ಲಿಯೇ ಹೇಳಿಬಿಡಬೇಕು. ಮುಂದಿನ ವರ್ಷಗಳಲ್ಲಿಯೂ ಅವನು ಮುನಿಸಿಕೊಂಡ ವಾರಗಳಿದ್ದವು, ಪೆಟ್ಟಿಗೆ ತೆರೆಯದ ತಿಂಗಳಿತ್ತು. ಪರೀಕ್ಷೆಗೆ ಕೂರುವ ಮಾತನ್ನು ಎರಡು ಸಲ ತಳ್ಳಿಹಾಕಿದ. ಹದಿಮೂರು ತುಂಬಿದ ಮೇಲೆ ಒಂದು ಸಂಜೆ ಮನೆಯಲ್ಲಿ ತಾನಾಗಿಯೇ, “ಅಮ್ಮ, ತಾತನ ಪಿಟೀಲಿಗೆ ಈಗ ಕೈ ಎಟುಕುತ್ತಾ ನೋಡಲಾ?” ಎಂದು ಕೇಳಿ ಅಟ್ಟದಿಂದ ಇಳಿಸಿದನಂತೆ. ಅರ್ಧ ಗಂಟೆ ಬಿರಡೆಗಳೊಡನೆ ಗುದ್ದಾಡಿ ಷಡ್ಜ ಪಂಚಮಗಳನ್ನು ಕೂಡಿಸಿದನಂತೆ. ವರಸೆ ಗೀತೆಗಳೊಂದನ್ನೂ ನುಡಿಸಲಿಲ್ಲ. ಎರಡು ತಂತಿಗಳನ್ನು ಉದ್ದಕ್ಕೆ ಎಳೆದು, ಅಲೆ ನಿಂತಿತೆ ಎಂದು ಕೇಳುತ್ತ ಕುಳಿತಿದ್ದನಂತೆ. “ನಮ್ಮಪ್ಪ ಕಥೆ ಶುರುವಾಗೋಕೆ ಮುಂಚೆ ಹೀಗೇ ಕೂತಿರೋರು, ಸಾರ್” ಎಂದು ಹೇಳುವಾಗ ಆ ತಾಯಿಯ ಗಂಟಲು ಕಟ್ಟಿತ್ತು. ಆ ವಾದ್ಯವನ್ನು ಯಾರಿಗಾದರೂ ಕೊಟ್ಟುಬಿಡುವ ಮಾತು ಮತ್ತೆ ಬರಲಿಲ್ಲ. ಹುಡುಗ ಈಗ ಪ್ರೌಢಶಾಲೆಯಲ್ಲಿದ್ದಾನೆ. ಭಾನುವಾರ ಮಾತ್ರ ಬರುತ್ತಾನೆ.

ಎಲ್ಲ ಮಕ್ಕಳ ವಿಚಾರದಲ್ಲಿಯೂ ಹೀಗೆಯೇ ಆಗಬೇಕೆಂದಿಲ್ಲ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿಗೆ ಅಳತೆಯ ವಾದ್ಯವಿತ್ತು, ಶ್ರುತಿ ತಿಳಿದಿತ್ತು, ಬೆರಳು ಚುರುಕಾಗಿತ್ತು. ಆದರೂ ಒಂದೂವರೆ ವರ್ಷದಲ್ಲಿ ಒಂದು ದಿನವೂ ಅವಳಾಗಿ ಒಂದು ಪ್ರಶ್ನೆ ಕೇಳಲಿಲ್ಲ. ಪಾಠದ ಪುಸ್ತಕದ ಅಂಚಿನಲ್ಲೆಲ್ಲ ಹಕ್ಕಿಗಳ ಚಿತ್ರ; ಎಂಥ ಚಿತ್ರ! ಗುಬ್ಬಿಯ ಕತ್ತಿನ ತಿರುವು ಒಂದೇ ಗೆರೆಯಲ್ಲಿ. ತಂದೆತಾಯಿಗಳನ್ನು ಕರೆಸಿ ಪುಸ್ತಕವನ್ನು ತೋರಿಸಿದೆ. “ನೀವು ನನಗೆ ಕೊಡುವ ಹಣವನ್ನು ಚಿತ್ರದ ಮೇಷ್ಟರಿಗೆ ಕೊಡಿ” ಎಂದೆ. ಶ್ರುತಿ, ಅಳತೆ, ಹೊತ್ತು, ನಾಚಿಕೆ ಮುಂತಾದ ಅಡ್ಡಿಗಳನ್ನೆಲ್ಲ ತೆಗೆದ ಮೇಲೂ ಒಂದು ವರ್ಷದವರೆಗೆ ಮಗು ವಾದ್ಯದ ಕಡೆ ತಾನಾಗಿ ಒಂದು ಹೆಜ್ಜೆ ಇಡದಿದ್ದರೆ, ಆ ಒಲ್ಲೆಯನ್ನು ಗೌರವಿಸಬೇಕು. ಆದರೆ ಅಡ್ಡಿಗಳನ್ನು ತೆಗೆಯುವ ಮೊದಲೇ ಬಿಡಿಸಿದರೆ ಮಗು ಒಂದು ಸುಳ್ಳನ್ನು ಜೀವಮಾನವಿಡೀ ನಂಬಿಕೊಂಡಿರುತ್ತದೆ: ನನಗೆ ಸಂಗೀತ ಬರುವುದಿಲ್ಲ ಎಂದು. ಮಧ್ಯವಯಸ್ಸಿನ ಎಷ್ಟು ಜನ ಈ ಮಾತನ್ನು ನಗುತ್ತ ಹೇಳುವುದನ್ನು ನಾವು ಕೇಳಿಲ್ಲ!

ಹಾಗಾದರೆ ಇಷ್ಟು ಪಾಡುಪಟ್ಟು ಕಲಿಸಿದ್ದರ ಫಲವೇನು, ಇವರಲ್ಲಿ ಎಷ್ಟು ಮಂದಿ ವಿದ್ವಾಂಸರಾದರು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ನನಗೆ ಕನ್ನಡದ ತರಗತಿಯಿಂದಲೇ ದೊರೆಯಿತು. ಮೂವತ್ತು ವರ್ಷಗಳಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಪಂಪ ಕುಮಾರವ್ಯಾಸರನ್ನು ಪಾಠ ಹೇಳಿದೆ. ಅವರಲ್ಲಿ ಕವಿಗಳಾದವರು ಬೆರಳೆಣಿಕೆಯಷ್ಟೂ ಇಲ್ಲ. ಅದರಿಂದ ನನ್ನ ಉದ್ಯೋಗ ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ. ಏಕೆಂದರೆ ಸಾಹಿತ್ಯದ ಪಾಠ ಇರುವುದು ಓದುಗರನ್ನು ಬೆಳೆಸುವುದಕ್ಕೆ. ನಮ್ಮ ಕಾವ್ಯಮೀಮಾಂಸಕರು ಕವಿಗೆ ಸರಿಸಮನಾಗಿ ಸಹೃದಯನನ್ನು ಕೂರಿಸಿದರು. ಸಂಗೀತದಲ್ಲಿ ಮಾತ್ರ ನಾವು ಪ್ರತಿ ಶಿಷ್ಯನೂ ವೇದಿಕೆ ಹತ್ತಬೇಕೆಂದು ಬಯಸುತ್ತೇವೆ. ಎಲ್ಲರೂ ವೇದಿಕೆ ಹತ್ತಿದರೆ ಎದುರಿಗೆ ಕೂರುವವರಾರು? ಎರಡು ವರ್ಷ ಪಿಟೀಲು ಹಿಡಿದು ಬಿಟ್ಟವನು ಮುಂದೆ ಕಚೇರಿಯಲ್ಲಿ ಕುಳಿತಾಗ, ಗಮಕ ತೂಗಿದಾಗ ಅದು ಎಂಥ ಕಷ್ಟದ ಕೆಲಸವೆಂದು ತನ್ನ ಬೆರಳುಗಳಲ್ಲಿಯೇ ಅರಿಯುತ್ತಾನೆ. ಅವನ ಕೇಳುವಿಕೆ ಬೇರೆಯೇ.

ಕಿಂದರಿಜೋಗಿಯ ಹಿಂದೆ ಮಕ್ಕಳು ಕುಣಿಯುತ್ತ ಹೋದ ಕಥೆ ನಮಗೆಲ್ಲ ಗೊತ್ತು. ಪಾಠ ಹೇಳುವವರೆಲ್ಲ ಒಳಗೊಳಗೇ ಅಂಥದೊಂದು ಕಿಂದರಿಯನ್ನು ಬಯಸುವುದುಂಟು. ಆದರೆ ನಿತ್ಯದ ಪಾಠದಲ್ಲಿ ನಡೆಯುವುದು ತದ್ವಿರುದ್ಧ. ಮಗು ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿಗೆ ಶಿಕ್ಷಕ ವಾದ್ಯವನ್ನು ಹೊತ್ತುಕೊಂಡು ಹಿಂದೆ ಹಿಂದೆ ಹೋಗಬೇಕು. ಲೆಕ್ಕದ ಕಡೆ ಹೋದರೆ ಲೆಕ್ಕಕ್ಕೆ, ಆಟದ ಕಡೆ ಹೋದರೆ ಆಟಕ್ಕೆ.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಬಿನ್ನಹ. ಪಾಠ ಮುಗಿಸಿ ಬಂದ ಮಗುವನ್ನು “ಎಷ್ಟು ವರಸೆ ಆಯಿತು? ಪರೀಕ್ಷೆ ಯಾವಾಗ?” ಎಂದು ಕೇಳಬೇಡಿ. ದಿನಕ್ಕೆ ಹದಿನೈದು ನಿಮಿಷ ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು, ಮೊಬೈಲನ್ನು ಆಚೆಗಿಟ್ಟು, ಅದರ ಎದುರಿಗೆ ನೆಲದ ಮೇಲೆ ಕುಳಿತುಕೊಳ್ಳಿ. “ಇವತ್ತು ಏನು ಸಿಕ್ಕಿತು? ನುಡಿಸು, ಕೇಳೋಣ” ಎನ್ನಿ. ದನಿ ಕಿರುಗುಟ್ಟಿದರೆ ಕಿರುಗುಟ್ಟಲಿ, ತಿದ್ದುವುದಕ್ಕೆ ನಾವಿದ್ದೇವೆ. ಮನೆಯಲ್ಲಿ ಒಬ್ಬರು ಕೇಳುವವರಿದ್ದಾರೆಂದು ತಿಳಿದ ಮಗು ನಾಳೆ ಪೆಟ್ಟಿಗೆಯನ್ನು ತಾನೇ ತೆರೆಯುತ್ತದೆ.